ನೆರೂಳದ ಕೆಂಪು ಚುಕ್ಕೆ

ಯಂತ್ರ ಎಷ್ಟೇ ಹೊಸದಾಗಲಿ, ಅದರ ಮುಂದೆ ಕೂರುವವರು ನಾವೇ ತಾನೆ? ಹಾಗಾಗಿ ನವಿ ಮುಂಬಯಿಯ ರಬಾಳೆಯಲ್ಲಿದ್ದ ನಮ್ಮ ಆಫೀಸಿನಲ್ಲಿ ನಗುವಿಗೆ ಎಂದೂ ಕೊರತೆಯಾಗಲಿಲ್ಲ. ನಮ್ಮ ಧಣಿಗಳು ಉಡುಪಿ ಕಡೆಯವರು. ಕಲ್ಯಾಣ, ಡೊಂಬಿವಲಿ, ನೆರೂಳದಲ್ಲಿ ಅವರ ದೊಡ್ಡ ದಿನಸಿ ಅಂಗಡಿಗಳು. ನಾನು ಅಲ್ಲಿ ಅಕೌಂಟೆಂಟ್ ಆಗಿದ್ದೆ.

ಗೋಡೆಯ ಟೀವಿ

ನನ್ನ ಸರ್ವಿಸಿನ ಕೊನೆಯ ವರ್ಷ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು. ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ನಾನು ಮೂರು ದಿನ ಕೂತು ಮಾಡುತ್ತಿದ್ದ ತಿಂಗಳ ಲೆಕ್ಕವನ್ನು ಅವಳು ಕಂಪ್ಯೂಟರಿನಲ್ಲಿ ಮಾಡಿದ ಡ್ಯಾಶ್‌ಬೋರ್ಡ್ ನನ್ನ ಚಹಾ ಆರುವುದರೊಳಗೆ ಗೋಡೆಯ ಟೀವಿಯಲ್ಲಿ ತೋರಿಸಿಬಿಟ್ಟಿತು. ಊರುಗಳ ನಕ್ಷೆ, ಲಾಭದ ಅಂಗಡಿಗೆ ಹಸಿರು ಚುಕ್ಕೆ, ನಷ್ಟದ್ದಕ್ಕೆ ಕೆಂಪು. ನಾನಂತೂ ಮೈಮರೆತು ನೋಡಿದೆ.

ಧಣಿಗಳು ನನ್ನತ್ತ ತಿರುಗಿದರು. "ಮೂರು ದಿನ ನೀವು ಎಂತ ಮಾಡ್ತಿದ್ರಿ ಮಾರಾಯ್ರೆ?"

"ಇದನ್ನೇ, ಬಣ್ಣ ಇಲ್ಲದೆ."

ಅಂದೇ ಅಪ್ಪಣೆಯಾಯಿತು: ಇನ್ನು ಕೆಂಪಾದ ಅಂಗಡಿಗೆ ಬೀಗ.

ಕಲ್ಯಾಣದ ಹಳ್ಳ

ಸಂಜೆ ಏಳಕ್ಕೆ ಲೋಕಲ್ ರೈಲುಗಳು ಜನರನ್ನು ತಂದು ಸುರಿಯುವ ಹೊತ್ತು. ಆಗಲೇ ಕಲ್ಯಾಣದ ಗ್ರಾಫು ಅರ್ಧ ಗಂಟೆ ಹಳ್ಳಕ್ಕೆ ಬೀಳುತ್ತಿತ್ತು. ಹುಡುಗಿ ಹೋಗಿ ನೋಡಿದರೆ, ಮ್ಯಾನೇಜರು ಬಿಲ್ಲಿಂಗ್ ನಿಲ್ಲಿಸಿ ಆರತಿ ಹಿಡಿದಿದ್ದಾರೆ. ಗಿರಾಕಿಗಳು ಸಾಲಾಗಿ ನಿಂತು, ಪ್ರಸಾದ ತಿಂದು, ಏನೂ ಕೊಳ್ಳದೆ ಮನೆಗೆ! ಅವಳು ಬೈಯಲಿಲ್ಲ, ಆರತಿಯನ್ನು ಆರೂವರೆಗೆ ಸರಿಸಿದಳು, ಅಷ್ಟೇ. ಗ್ರಾಫು ಎದ್ದು ನಿಂತಿತು.

ಮ್ಯಾನೇಜರಿಗೆ ಮಾತ್ರ ಬೇಸರ: "ಪ್ರಸಾದದ ಗ್ರಾಫೂ ಹಾಕಮ್ಮ. ಅದು ಪೂರ್ತಿ ಬಿದ್ದಿದೆ."

ಆಯುಧಪೂಜೆಯ ಮರುದಿನ

ಮೀಟಿಂಗಿನಲ್ಲಿ ಟೀವಿ ಹಚ್ಚಿದರೆ ನೆರೂಳ ಕೆಂಪು. "ನೆರೂಳ ನಷ್ಟದಲ್ಲಿ!" ಎಂದರು ಧಣಿಗಳು. ನೆರೂಳದ ಮ್ಯಾನೇಜರಿಗೆ ಎಸಿಯಲ್ಲೂ ಬೆವರು. ಐವತ್ತೆರಡರ ವಯಸ್ಸು, ಇನ್ನೂ ತೀರದ ಮನೆ ಸಾಲ. ಅಂಗಡಿ ಮುಚ್ಚಿದರೆ ಗತಿ?

"ಎದುರಿಗೆ ಮಾಲ್ ಬಂತು ಧಣಿ. ರಸ್ತೆ ಬೇರೆ ಅಗೆದಿದ್ದಾರೆ. ಜನ ಎಲ್ಲ ಮೊಬೈಲಿನಲ್ಲೇ ತರಿಸ್ತಾರೆ..."

ಹುಡುಗಿ ಹುಬ್ಬು ಗಂಟಿಕ್ಕಿ ಮಾರಾಟದ ಪುಟ ತೆರೆದಳು. ಚುಕ್ಕೆ ಅಲ್ಲೇ. ಖರ್ಚಿನ ಪುಟ. ಅಲ್ಲೇ.

"ಯಾವ ಪುಟಕ್ಕೆ ಹೋದ್ರೂ ನೆರೂಳದ ನಷ್ಟ ಬಿಡುದಿಲ್ಲ ನೋಡಿ," ಎಂದರು ಧಣಿಗಳು.

ಅವಳು ಟೀವಿಯನ್ನೇ ಆರಿಸಿದಳು. ಕಪ್ಪು ಪರದೆಯ ಮೇಲೂ ಕೆಂಪು ಚುಕ್ಕೆ. ಎದ್ದು ಹೋಗಿ ಬೆರಳಿಂದ ಮುಟ್ಟಿ, ಮೂಸಿ, ನನ್ನ ಕಡೆ ನೋಡಿದಳು.

"ಕಾಕಾ, ಹೇ ಕುಂಕೂ ಆಹೇ."

ಹೌದು, ಕುಂಕುಮವೇ. ಹಿಂದಿನ ದಿನ ಟೀವಿಗೆ ಪೂಜೆ ಮಾಡಿದವನು ನಾನೇ; ಇಟ್ಟ ಬೊಟ್ಟು ಸರಿಯಾಗಿ ನೆರೂಳದ ಜಾಗದಲ್ಲೇ ಕೂತಿತ್ತು. ಒರೆಸಿ, ಟೀವಿ ಮತ್ತೆ ಹಚ್ಚಿದರೆ, ಮೂರು ಅಂಗಡಿಗಳಲ್ಲಿ ನೆರೂಳದ್ದೇ ಎಲ್ಲಕ್ಕಿಂತ ಗಾಢ ಹಸಿರು.

ಧಣಿಗಳು ಮ್ಯಾನೇಜರನ್ನು ನೋಡಿದರು. "ಹಾಗಾದ್ರೆ ಆ ಮಾಲು, ರಸ್ತೆ, ಮೊಬೈಲು?"

ಅವರು ಬೆವರು ಒರೆಸಿಕೊಂಡರು. "ನಷ್ಟ ಅಂತ ನೀವು ಹೇಳಿದ್ರಿ ಧಣಿ. ಕಾರಣ ಒದಗಿಸುವುದು ನನ್ನ ಡ್ಯೂಟಿ ಅಲ್ವಾ?"