ಮೊದಲು ಯಾರ ಅಂಗಿ ಹರಿಯುತ್ತದೆ?

ರೋಣ ತಾಲೂಕಿನಲ್ಲಿ ನಮ್ಮ ಕಾಕಾನಷ್ಟು ಕೆಟ್ಟ ಸಿನಿಮಾ ಪ್ರೇಕ್ಷಕ ಇನ್ನೊಬ್ಬನಿಲ್ಲ ಎಂದು ನಾನು ಬರೆದು ಸಹಿ ಮಾಡಿ ಕೊಡಬಲ್ಲೆ. ಬಾಯಿಮಾತಿಗೆ ಹೇಳುತ್ತಿಲ್ಲ, ನನ್ನ ಬಳಿ ಲೆಕ್ಕವಿದೆ. ಏಳನೇ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರ ಕೊನೆಯ ಹತ್ತು ಪುಟಗಳನ್ನು ಕಾಕಾನಿಗೆಂದೇ ಬಿಟ್ಟಿದ್ದೇನೆ. ಆ ಪುಟಗಳ ಪ್ರಕಾರ ಕಾಕಾ ನನ್ನ ಜೊತೆ ನೋಡಿದ ಸಿನಿಮಾ ಇಪ್ಪತ್ಮೂರು. ಅವುಗಳಲ್ಲಿ ಕಥೆ ನೆನಪಿರುವುದು ಸೊನ್ನೆ. ಖಳನಾಯಕನ ಕೋಟಿನ ಕಾಲರು ಸೊಟ್ಟಗಿದೆ ಎಂದು ಸಿಟ್ಟಾಗಿ ನಡುವೆಯೇ ಎದ್ದು ಬಂದದ್ದು ಎರಡು ಸಲ. ನಾಯಕ ತಾಯಿಯ ಹೆಣದ ಮೇಲೆ ಬಿದ್ದು ಅಳುತ್ತ, ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿದ್ದಾಗ, "ಪಾಪ! ತೋಳು ಗಿಡ್ಡ ಹಿಡದಾರ, ಕಂಕುಳಾಗ ಜಗ್ಗಾಕತ್ತೈತಿ" ಎಂದು ಗಟ್ಟಿಯಾಗಿ ಮರುಗಿದ್ದು ಒಂದು ಸಲ. ಮುಂದಿನ ಸಾಲಿನ ಅಜ್ಜನೊಬ್ಬ ಬೈಯಲೆಂದೇ ಹಿಂದೆ ತಿರುಗಿದ. ಕಾಕಾ ಅವನಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ?

"ನಿಮ್ಮ ಅಂಗಿ ಭುಜದ ಮ್ಯಾಲ ಭಾಳ ಚಲೋ ಕುಂತೈತ್ರಿ ಯಜಮಾನ್ರ. ಯಾರ ಕೈದು?"

ಅಜ್ಜ ಬೈಯುವುದನ್ನು ಮರೆತು, ತನಗೆ ಬಟ್ಟೆ ಹೊಲಿಯುವ ಶಿಂಪಿಗನ ಹೆಸರು, ಓಣಿ, ಅವನ ಮಗಳ ಮದುವೆ ಎಲ್ಲಿ ಆಯಿತು ಎಂಬುದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಪರದೆಯ ಮೇಲೆ ತಾಯಿಯ ತಿಥಿಯೂ ಮುಗಿದಿತ್ತು!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ರೋಣದ ಪೇಟೆಯಲ್ಲಿ ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ಅವನಿಗೆ ಜನರ ಹೆಸರು ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ. "ಮುಂಜಾನಿ ಮೂವತ್ತೆಂಟು ಎದಿಯಾಂವ ಬಂದಿದ್ದ, ಎಡಭುಜ ಇಳಕಲು" ಎಂದರೆ ಪತ್ರ ಹಂಚುವವ ಬಂದಿದ್ದ ಎಂದು ನಾವು ತಿಳಿದುಕೊಳ್ಳಬೇಕು. ಒಂದು ಮದುವೆಯಲ್ಲಿ, ಸರಿಯಾಗಿ ಅಕ್ಷತೆ ಬೀಳುವ ಗಳಿಗೆಗೆ ಮಂಟಪಕ್ಕೆ ಹತ್ತಿ, ವರನ ಕೋಟಿನ ಬೆನ್ನು ಜಗ್ಗಿ ನೆಟ್ಟಗೆ ಮಾಡಿದ. ಅರ್ಧ ಅಕ್ಷತೆ ಕಾಕಾನ ತಲೆಗೇ ಬಿತ್ತು. ಕೆಳಗೆ ಕುಳಿತಿದ್ದ ಅವನ ಹೆಂಡತಿ, ನಮ್ಮ ಕಾಕು, "ನನ್ನ ಮುಂದಽ ಎರಡನೇ ಲಗ್ನ ಮಾಡ್ಕೊಂಡ್ರಲ್ಲಽ!" ಎಂದು ಎರಡು ದಿನ ಮಾತು ಬಿಟ್ಟಳು.

ಇಂಥ ಕಾಕಾ ಒಂದು ಸಿನಿಮಾಕ್ಕಾಗಿ ನಲವತ್ತೆರಡು ದಿನ ಕಾದ. ಅದನ್ನು ಹೇಳುವ ಮೊದಲು ನನ್ನ ಪ್ಯಾಂಟಿನ ವಿಷಯ ಹೇಳಬೇಕು.

ನನ್ನ ಎಡಗಾಲಿಗೆ ಪೋಲಿಯೊ. ಬೂಟಿನಿಂದ ತೊಡೆಯವರೆಗೆ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇರುವ ಕ್ಯಾಲಿಪರ್ ಹಾಕಿಕೊಳ್ಳುತ್ತೇನೆ. ಮೊಣಕಾಲಿನ ಹತ್ತಿರ ಅದಕ್ಕೊಂದು ಕೀಲು. ನಿಲ್ಲುವಾಗ ಕೀಲನ್ನು ಬಿಗಿಯಬೇಕು, ಕೂರುವಾಗ ಸಡಿಲಿಸಬೇಕು. ಇದರಿಂದ ನನಗೆ ಅಂಥ ತೊಂದರೆಯಿಲ್ಲ. ತೊಂದರೆ ಪ್ಯಾಂಟಿಗೆ! ಪ್ಯಾಂಟಿನ ಬದಿಯ ಹೊಲಿಗೆ ನೇರ ಆ ಕೀಲಿನ ಮೇಲೆಯೇ ಬರುತ್ತದೆ. ಹೊಲಿಗೆಯ ಒಳಬದಿಗೆ ಮಡಚಿದ ಬಟ್ಟೆ ಉಬ್ಬಿಕೊಂಡಿರುತ್ತದಲ್ಲ, ಕೀಲು ಅದನ್ನು ಕಚ್ಚಿ ಹಿಡಿಯುತ್ತದೆ. ಕುಳಿತೆನೋ, ಚರ್!

ಒಂಬತ್ತು ಮತ್ತು ಹತ್ತನೇ ಇಯತ್ತೆ ಸೇರಿ ಹರಿದದ್ದು ಹದಿನಾಲ್ಕು. ಹದಿನಾಲ್ಕನೆಯದು ಹತ್ತನೇ ಇಯತ್ತೆಯ ಪರೀಕ್ಷೆಯಲ್ಲಿ, ಗಣಿತದ ದಿನ ಹರಿಯಿತು. ಕೊಠಡಿಯಲ್ಲಿದ್ದ ಇಪ್ಪತ್ಮೂರು ಜನರೂ ತಿರುಗಿ ನೋಡಿದರು. ಮೂರು ತಾಸು ಎಡಗೈಯಿಂದ ಮೊಣಕಾಲು ಮುಚ್ಚಿಕೊಂಡು ಬಲಗೈಯಿಂದ ಲೆಕ್ಕ ಬಿಡಿಸಿದೆ. ಮನೆಗೆ ಬಂದವನೇ ಅವ್ವನಿಗೆ ಹೇಳಿಬಿಟ್ಟೆ: "ನಾ ಇನ್ನ ಕಾಲೇಜಿಗೆ ಹೋಗಂಗಿಲ್ಲ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ, "ಮೊದಲ ಪಾಸಾಗೋ" ಎಂದ. ಕಾಕಾ ಮಾತ್ರ ಹರಿದ ಪ್ಯಾಂಟನ್ನು ತಿರುವಿ, ಮೊಣಕಾಲಿನ ಹತ್ತಿರ ಬೆರಳಾಡಿಸಿ, "ತಪ್ಪು ಕಾಲಿಂದಲ್ಲ, ನಂದು" ಎಂದ.

"ಕಾಲೇಜು ಎಂದ ಚಾಲೂ?"

"ಜೂನ್ ನಡುವ."

"ಅಷ್ಟರಾಗ ಹರಿಯಲಾರದ ಪ್ಯಾಂಟ್ ಕೊಡ್ತೀನಿ. ಕೊಡಲಿಲ್ಲಂದ್ರ ನೀ ಮನ್ಯಾಗ ಕುಂದ್ರು. ನಾನೂ ಅಂಗಡಿ ಬಾಗಿಲಾ ಹಾಕಿ ನಿನ್ನ ಬಾಜೂಕ ಬಂದು ಕುಂದರ್ತೀನಿ."

"ಅಯ್ಯ ಶಿವನಽ, ಇಬ್ಬರಿಗೂ ನಾನಽ ರೊಟ್ಟಿ ಬಡೀಲೇನು?" ಎಂದು ಅವ್ವ ಅಳುವಿನ ನಡುವೆಯೇ ನಕ್ಕಳು.

ಪ್ರಯೋಗಗಳು ಶುರುವಾದವು. ಎರಡು ಪದರಿನ ಬಟ್ಟೆ ನಾಲ್ಕು ದಿನ ಬಾಳಿತು. ಒಳಗೆ ಅಸ್ತರ ಕೊಟ್ಟದ್ದು ಆರು ದಿನ. ಮೊಣಕಾಲಿಗೆ ಚರ್ಮದ ತುಂಡು ಹಚ್ಚಿದ್ದು ಹರಿಯಲೇ ಇಲ್ಲ, ಆದರೆ ನಾನು ಹೆಜ್ಜೆ ಇಟ್ಟಾಗೆಲ್ಲ ಕಿರ್ ಎನ್ನುತ್ತಿತ್ತು. ಓಣಿಯ ಮೂರು ನಾಯಿಗಳು ಪೇಟೆಯವರೆಗೆ ಬೆನ್ನು ಹತ್ತಿದವು. ಅದನ್ನೂ ಬಿಟ್ಟೆವು.

ಇದೇ ಹೊತ್ತಿಗೆ ಟೀವಿಯಲ್ಲಿ ಆ ಸಿನಿಮಾದ ಜಾಹೀರಾತು ಬರತೊಡಗಿತು. ಆಕಾಶದಲ್ಲಿ ಹಾರುವ, ಗೋಡೆ ಹತ್ತುವ, ಬಸ್ಸನ್ನು ಚೆಂಡಿನಂತೆ ಎಸೆಯುವ ಇಂಗ್ಲಿಷ್ ಹೀರೋಗಳ ಸಿನಿಮಾ, ಹಿಂದಿ ಮಾತು ಕೂಡಿಸಿ ತಂದದ್ದು. ಹಿಂದಿನ ಭಾಗದಲ್ಲಿ ಒಟ್ಟಾಗಿ ಲೋಕವನ್ನು ಕಾಪಾಡಿದ ಎಂಟು ಜನ ಈ ಸಲ ಎರಡು ಪಾರ್ಟಿಯಾಗಿ ತಮ್ಮ ತಮ್ಮಲ್ಲೇ ಹೊಡೆದಾಡುತ್ತಾರಂತೆ! ಒಂದು ಪಾರ್ಟಿಗೆ ಹಳದಿ ಉಡುಪಿನವ ಮುಖಂಡ, ಇನ್ನೊಂದಕ್ಕೆ ಬೂದು ಉಡುಪಿನವ.

ಅವರು ಅಲ್ಲಿ ಜಗಳಾಡಿದರೆ ರೋಣ ಸುಮ್ಮನಿರುತ್ತದೆಯೇ? ಕಾಕಾನ ಅಂಗಡಿಯ ಎದುರಿಗಿನ ಚಹಾದ ಅಂಗಡಿಯಲ್ಲಿ ಎಡಗಡೆಯ ಬಾಕು, ಅಂದರೆ ಬೆಂಚು, ಹಳದಿಯವರದಾಯಿತು, ಬಲಗಡೆಯದು ಬೂದಿನವರದು. ಒಬ್ಬರ ಬಾಕಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ನಾನು ಎಣಿಸಿದಾಗ ಹಳದಿ ಮೂವತ್ತೊಂದು, ಬೂದು ಇಪ್ಪತ್ತೆಂಟು. ದಿನಕ್ಕೊಮ್ಮೆ ಪಾರ್ಟಿ ಬದಲಿಸುವವ ಒಬ್ಬನಿದ್ದ. ಅವನು ಮುಂದೆ ಚುನಾವಣೆಗೆ ನಿಲ್ಲುತ್ತಾನೆ ಎಂಬ ವಿಷಯದಲ್ಲಿ ಮಾತ್ರ ಎರಡೂ ಬಾಕಿನವರಿಗೆ ಒಮ್ಮತವಿತ್ತು.

ಕಾಕಾ ಆ ಜಾಹೀರಾತನ್ನು ಮೊದಲ ಸಲ ನೋಡಿದಾಗ ಕೈಯಲ್ಲಿ ಚಹಾದ ಕಪ್ಪು ಇತ್ತು. ಚಹಾ ಆರಿತು.

"ಏ ತಮ್ಮಾ, ಇವ್ರು ಇದರ ಒಳಗ ಹ್ಯಾಂಗ ಹೊಕ್ಕಾರೋ? ಗುಂಡಿ ಇಲ್ಲ, ಕಾಜಾ ಇಲ್ಲ, ಚೈನ್ ಇಲ್ಲ!"

"ಅದು ಸಿನಿಮಾ ಕಾಕಾ."

"ಸಿನಿಮಾ ಅಂದ್ರ ಅರಿವಿ ಆಕಾಶದಿಂದ ಬೀಳ್ತಾವೇನು? ಯಾಂವೋ ಒಬ್ಬ ನನ್ನಂಥಾಂವ ಕುಂತು ಹೊಲದಿರ್ತಾನ. ನೀ ಕುರ್ಚಿ ಮ್ಯಾಲ ಕುಂತ್ರ ಹರೀತೈತಿ. ಆಂವ ಹತ್ತನೇ ಮಜಲಿಯಿಂದ ಬಿದ್ದಾನ, ಮೊಣಕಾಲು ನೋಡು, ಒಂದು ಎಳಿ ಎದ್ದಿಲ್ಲ! ಒಳಗ ಏನೋ ಐತಿ."

ಜಾಹೀರಾತಿನ ಕೊನೆಗೆ ಹಳದಿಯವ ಬೂದಿನವನ ಕಾಲು ಹಿಡಿದು ಎಳೆಯುತ್ತಾನೆ. ಮೊಣಕಾಲಿನ ಹತ್ತಿರ ಉಡುಪು ಹರಿಯತೊಡಗುತ್ತದೆ. ಇನ್ನೇನು ಒಳಗಿನ ಹೊಲಿಗೆ ಕಾಣಬೇಕು, ಅಷ್ಟರಲ್ಲಿ ಬೆಂಕಿ, ಹೊಗೆ, ಸಿನಿಮಾದ ಹೆಸರು! ಕಾಕಾ ಹಣೆ ಬಡಿದುಕೊಂಡ. ಅಂದಿನಿಂದ ಊರಿನಲ್ಲಿ ಆ ಸಿನಿಮಾಕ್ಕೆ ಕಾಯುವವರು ಅರವತ್ತೊಂದು ಜನ. ಅರವತ್ತು ಜನಕ್ಕೆ ಯಾರು ಗೆಲ್ಲುತ್ತಾರೆ ಎಂಬ ಚಿಂತೆ. ಒಬ್ಬನಿಗೆ ಮಾತ್ರ ಎಷ್ಟು ಹರಿಯುತ್ತದೆ ಎಂಬ ಚಿಂತೆ.

"ಕಾಕಾ, ನೀವು ಯಾರ ಕಡೆರಿ?" ಎಂದು ಎಡಬಾಕಿನವರು ಕೇಳಿದರು.

"ಯಾರ ಅಂಗಿ ಮೊದಲ ಹರಿತೈತಿ, ಅವನ ಕಡೆ."

"ನಮ್ಮಾಂವಂದು ಹರಿಯಂಗಽ ಇಲ್ರಿ!"

"ಹಂಗಾರ ನಿಮ್ಮಾಂವ ನನಗ ಉಪಯೋಗಿಲ್ಲ. ಬೆಳಕಿಗೆ ಅಡ್ಡ ನಿಂದರಬ್ಯಾಡ್ರಿ, ಸರೀರಿ."

ಸಿನಿಮಾ ಮೊದಲು ಬಂದದ್ದು ಗಜೇಂದ್ರಗಡಕ್ಕೆ. ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಕಾಕಾ ಅಂಗಡಿ ಮುಚ್ಚಿ ನನ್ನನ್ನು ಬಸ್ಸಿಗೆ ಹತ್ತಿಸಿದ. ಕೊರಳಲ್ಲಿ ಟೇಪು, ಕಿಸೆಯಲ್ಲಿ ಸೀಸದ ಕಡ್ಡಿ ಮತ್ತು ಚಿತ್ರ ಬರೆದುಕೊಳ್ಳಲು ಕಾಗದ. ರೋಣದ ಎರಡೂ ಬಾಕಿನವರು ನಮಗಿಂತ ಮೊದಲೇ ಬಂದು ಸೀಟು ಹಿಡಿದಿದ್ದರು. ಎರಡು ತಾಸು ಕಾಕಾ ಕಣ್ಣು ಪಿಳುಕಿಸಲಿಲ್ಲ. ಕೊನೆಗೆ ಬಂತು ಆ ದೃಶ್ಯ! ಹಳದಿಯವ ಕಾಲಿಗೆ ಕೈ ಹಾಕಿದ್ದೇ ತಡ, ಇಡೀ ಟಾಕೀಸು ಕುರ್ಚಿ ಹತ್ತಿ ನಿಂತಿತು. ಸೀಟಿ, ಕೂಗು, ತೂರಿದ ಕಾಗದದ ಚೂರು. ಅವರೆಲ್ಲ ಕೆಳಗಿಳಿಯುವ ಹೊತ್ತಿಗೆ ಬೂದಿನವ ಬೇರೆ ಉಡುಪಿನಲ್ಲಿದ್ದ.

ಮರಳುವ ಬಸ್ಸಿನಲ್ಲಿ ಹೆದರುತ್ತ ಕೇಳಿದೆ, "ಏನರ ಕಾಣಿಸ್ತೇನು ಕಾಕಾ?"

"ಕಾಣಿಸ್ತು. ಹನ್ನೊಂದು ಬೆನ್ನು. ಅದರಾಗ ನಾಕು ನಾನಽ ಹೊಲಿದಿದ್ದು." ಕೊರಳಿನ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು, "ಕೈ ಎತ್ತಿ ಕುಣದ್ರೂ ಆ ನಾಕು ಚೂರೂ ಜಗ್ಗಲಿಲ್ಲ, ನೋಡ್ದಿ?" ಎಂದ.

ಒಂದು ವಾರ ಬಿಟ್ಟು ಅದೇ ಸಿನಿಮಾ ನರಗುಂದಕ್ಕೆ ಹೋಯಿತು. ನಾವೂ ಹೋದೆವು. ಈ ಸಲ ಕಾಕಾ ಮೊದಲ ಸಾಲಿನಲ್ಲೇ ಕುಳಿತ, ಮುಂದೆ ಬೆನ್ನುಗಳೇ ಇರದಂತೆ. ಮತ್ತೆ ಆ ದೃಶ್ಯ ಬಂತು. ಹಳದಿಯವ ಕಾಲು ಹಿಡಿದ, ಎಳೆದ, ಬಟ್ಟೆ ಬಿಗಿಯಿತು, ಚರ್... ಮತ್ತು ಪರದೆ ಬೆಳ್ಳಗಾಯಿತು. ಹರಿದದ್ದು ಉಡುಪಲ್ಲ, ಸಿನಿಮಾದ ರೀಲು!

ಟಾಕೀಸಿನ ಗಲಾಟೆಯನ್ನು ಕೇಳಬೇಕೇ? ಆ ಗಲಾಟೆಯಲ್ಲಿ ಕಾಕಾ ಎದ್ದು, ಹಿಂದಿನ ಮೆಟ್ಟಿಲು ಹತ್ತಿ ಮಷೀನಿನ ಕೋಣೆಗೇ ನುಗ್ಗಿದ. ನಾನು ಗೋಡೆ ಹಿಡಿದು ಹದಿನೇಳು ಮೆಟ್ಟಿಲು ಹತ್ತುವ ಹೊತ್ತಿಗೆ ಒಳಗೆ ವಾದ ನಡೆದಿತ್ತು. ಮಷೀನು ನಡೆಸುವ ಹಿರಿಯರು ಬೆವರಿನಲ್ಲಿ ತೊಯ್ದಿದ್ದರು.

"ಯಾರ್ರೀ ನೀವು? ಇಲ್ಲಿ ಬರಬಾರದ್ರಿ!"

"ಹರಿದದ್ದು ಹೊಲ್ಯಾಂವ್ರಿ."

"ಇದು ಹೊಲಿಯೂದಲ್ರಿ ಮಾರಾಯ್ರ, ಅಂಟಸೂದು!"

"ಅಂಟಸ್ರಿ, ನಾ ನೋಡ್ತೀನಿ."

ಹಿರಿಯರು ಹರಿದ ಎರಡು ತುದಿಗಳನ್ನು ಕತ್ತರಿಸಿದರು. ಒಂದರ ಅಂಚನ್ನು ಹೆರೆದು, ಔಷಧ ಸವರಿ, ಇನ್ನೊಂದನ್ನು ಅದರ ಮೇಲೆ ಚಪ್ಪಟೆಯಾಗಿ ಕೂರಿಸಿ ಒತ್ತಿದರು.

"ಅಂಚು ಮಡಚೂದಿಲ್ಲೇನ್ರಿ?" ಎಂದು ಕಾಕಾ ಕೇಳಿದ.

"ಮಡಚಿದ್ರ ಉಬ್ಬತೈತ್ರಿ. ಉಬ್ಬಿದ್ರ ಈ ಗಾಲಿ ಹಲ್ಲಿಗೆ ಸಿಗತೈತಿ. ಹಲ್ಲಿಗೆ ಸಿಕ್ಕಿತಂದ್ರ ಮತ್ತ ಹರಿತೈತಿ. ಹಲ್ಲಿನ ಕಡೆ ಏನೂ ಉಬ್ಬಿರಬಾರದು, ನೋಡ್ರಿ."

ಕಾಕಾ ಮಷೀನಿನ ಹಲ್ಲು ನೋಡಿದ. ತಿರುಗಿ ಬಾಗಿಲಲ್ಲಿ ನಿಂತಿದ್ದ ನನ್ನ ಮೊಣಕಾಲು ನೋಡಿದ. ಮತ್ತೆ ಹಲ್ಲು ನೋಡಿದ. ಕೆಳಗೆ ದೀಪ ಆರಿ ಸಿನಿಮಾ ಶುರುವಾಯಿತು, ಜನ ಹೋ ಎಂದರು.

"ನಡಿ, ಬಸ್ಸು ಸಿಗತೈತಿ."

"ಕಾಕಾ, ಈಗ ಹರಿತೈತಿ! ನೋಡೂದಿಲ್ಲೇನು?"

"ಏನೈತೋ ಅದರಾಗ ನೋಡಾಕ?"

ನಲವತ್ತೆರಡು ದಿನ ಕಾದ ಮನುಷ್ಯ ಹೇಳುವ ಮಾತೇ ಇದು!

ಆದರೆ ಬಟ್ಟೆ ಫಿಲ್ಮಿನಂತಲ್ಲ. ಮಡಚದೆ ಬಿಟ್ಟರೆ ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ. ಮಡಚಲೇಬೇಕು, ಒಳಗೆ ಉಬ್ಬೂ ಇರಬಾರದು. ಹಾಗಾದರೆ ಉಬ್ಬು ಎಲ್ಲಿ ಹೋಗಬೇಕು? ಹೊರಗೆ! ಇದು ತಿಳಿದ ಮೇಲೂ ಕಾಕಾ ಎರಡು ದಿನ ನನ್ನ ಪ್ಯಾಂಟಿನ ಬಟ್ಟೆಯನ್ನು ಮುಟ್ಟಲಿಲ್ಲ. ಮಡಚಿದ ಬಟ್ಟೆ ಹೊರಗೆ ಕಂಡರೆ ಹೊಲಿದವನ ಮಾನ ಹೋಯಿತು ಎನ್ನುವ ಮನುಷ್ಯ ಅವನು. ಮೂರನೆಯ ದಿನ ಕುಳಿತು ಹೊಲಿದ. ಎರಡೂ ಕಾಲಿನ ಬದಿಯ ಹೊಲಿಗೆ ಪೂರ್ತಿ ಹೊರಗೆ, ಅದರ ಮೇಲೆ ಸೊಂಟದಿಂದ ಪಾದದವರೆಗೆ ಒಂದು ಪಟ್ಟಿ.

ಅಂಗಡಿಯ ಸ್ಟೂಲಿನ ಮೇಲೆ ನನ್ನನ್ನು ನೂರು ಸಲ ಕೂರಿಸಿ ಏಳಿಸಿದ. ಅವನೇ ಗಟ್ಟಿಯಾಗಿ ಎಣಿಸಿದ. ಒಂದು ಎಳೆಯೂ ಏಳಲಿಲ್ಲ. ನನ್ನ ಕಾಲು ಸೋತಿತು, ಪ್ಯಾಂಟು ಸೋಲಲಿಲ್ಲ! ಆದರೆ ಕನ್ನಡಿಯಲ್ಲಿ ನೋಡಿಕೊಂಡರೆ, ಪ್ಯಾಂಟನ್ನು ತಿರುವಿ ಹಾಕಿಕೊಂಡವನ ಹಾಗೆ ಕಾಣುತ್ತಿದ್ದೆ.

"ಚಲೋ ಇಲ್ಲೇನು?" ಎಂದ ಕಾಕಾ.

"ಚಲೋ ಐತಿ ಕಾಕಾ. ಆದ್ರ... ಯಾಕ ಹಿಂಗ ಅಂತ ಎಲ್ಲಾರೂ ಕೇಳ್ತಾರ."

ಕಾಕಾ ದಾರದ ಉಂಡೆಗಳನ್ನು ಡಬ್ಬಿಗೆ ತುಂಬತೊಡಗಿದ.

ಕಾಲೇಜಿನ ಮೊದಲ ದಿನ ಅದೇ ಪ್ಯಾಂಟು ಹಾಕಿಕೊಂಡು ಮನೆ ಬಿಟ್ಟೆ. ಓಣಿ ದಾಟಿ ಪೇಟೆಗೆ ಬರುವಷ್ಟರಲ್ಲಿ ಎರಡು ಸಲ ಮರಳಿ ಹೋಗಬೇಕೆನಿಸಿತು. ಪೇಟೆಯಲ್ಲಿ ಕಾಕಾನ ಅಂಗಡಿಯ ಮುಂದೆ ಜನ ನೆರೆದಿದ್ದರು. ಎಡಬಾಕಿನವರು, ಬಲಬಾಕಿನವರು ಕೂಡಿಯೇ ನಗುತ್ತಿದ್ದರು. ಮೆಟ್ಟಿಲ ಮೇಲೆ ಕಾಕಾ ನಿಂತಿದ್ದ. ಹೊಸ ಪ್ಯಾಂಟು. ನನ್ನದೇ ಬಟ್ಟೆ, ನನ್ನದೇ ಬಣ್ಣ. ನೆಟ್ಟಗಿರುವ ಅವನ ಎರಡೂ ಕಾಲುಗಳ ಬದಿಗೆ, ಮೇಲಿನಿಂದ ಕೆಳಗಿನವರೆಗೆ, ಹೊಲಿಗೆ ಹೊರಗಿತ್ತು.

"ಕಾಕಾ, ಪ್ಯಾಂಟ್ ತಿರುವಿ ಹಾಕ್ಕೊಂಡೀರಲ್ರಿ!"

"ತಿರುವಿಲ್ಲೋ, ಈಗ ಇದಽ ಫ್ಯಾಶನ್. ನಮ್ಮ ಹುಡುಗ ಶುರು ಮಾಡ್ಯಾನ. ನನಗೂ ಒಂದು ಇರ್ಲಿ ಅಂತ ಹೊಲಕೊಂಡೆ. ಅಲ್ಲಿ ಬರಾಕತ್ತಾನ ನೋಡ್ರಿ, ಕಾಲೇಜಿಗೆ ಹೊಂಟಾನ."

ಎಲ್ಲರೂ ನನ್ನತ್ತ ತಿರುಗಿದರು. ನಾನು ಮೆಟ್ಟಿಲ ಹತ್ತಿರ ಬಂದೆ. ಕಾಕಾ ಕೆಳಗಿಳಿದು, ಬಗ್ಗಿ, ನನ್ನ ಪ್ಯಾಂಟಿನ ಅಂಚಿಗೆ ಹತ್ತಿದ ಧೂಳನ್ನು ಕೈಯಿಂದ ಜಾಡಿಸಿದ.

"ನಡಿ, ಹೊತ್ತಾತು. ಸಂಜಿಮುಂದ ಬರೂವಾಗ ಸಾವಕಾಶ ಬಾ. ಎಲ್ಲಾರೂ ಛಂದಂಗ ನೋಡ್ಲಿ."