ಮೆಸ್ ಸಾಹೇಬರ ಹೊಸ ಸಹಾಯಕ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಗುಮಾಸ್ತರ ಬಾಯಿಂದ ಮಾತು ಜಾರಿದ್ದು ನೀರು ಸರಬರಾಜು ಕಚೇರಿಯ ಕ್ಯಾಂಟೀನಿನಲ್ಲಿ, ಚಹಾ ಕುಡಿಯುವಾಗ.

"ವರ್ಷಕ್ಕೊಂದು ವಾರ ಆ ಶಿಬಿರ ಇಲ್ದೇ ಹೋಗಿದ್ರೆ ನಾನು ಎಂದೋ ಹುಚ್ಚಾಸ್ಪತ್ರೆ ಸೇರ್ತಿದ್ದೆ ಕಣಯ್ಯಾ," ಅಂದರು ಪಕ್ಕದವನಿಗೆ. "ಎಂಥಾ ನೆಮ್ಮದಿ ಅಂತೀಯ! ಮನುಷ್ಯ ಹಗುರಾಗಿಬಿಡ್ತಾನೆ."

ಹಿಂದಿನ ಮೇಜಿನಲ್ಲಿ ಬೆನ್ನು ತಿರುಗಿಸಿಕೊಂಡು ಕೂತಿದ್ದವರು ತಮ್ಮ ಮ್ಯಾನೇಜರು ಅಂತ ಅವರಿಗೇನು ಕನಸು ಬಿದ್ದಿತ್ತೆ?

ಈ ಮ್ಯಾನೇಜರಿಗೆ ಕಚೇರಿಯಲ್ಲಿ ಇಟ್ಟಿದ್ದ ಹೆಸರು 'ಮತ್ತೊಂದ್ಸಲ'. ಯಾವ ಕೆಲಸ ಮುಗಿಸಿ ತಂದುಕೊಟ್ಟರೂ ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, "ಎಲ್ಲಾ ಸರಿ ಇದೆ. ಆದ್ರೂ ಮತ್ತೊಂದ್ಸಲ ಮಾಡಿಬಿಡಿ," ಅನ್ನುವುದು ಅವರ ವಾಡಿಕೆ. ಕೆಟ್ಟವರಲ್ಲ ಪಾಪ. ಬೈದವರಲ್ಲ, ಕೂಗಾಡಿದವರಲ್ಲ. ಆದರೆ ಕಾಲಲ್ಲಿ ಹೊಕ್ಕ ಮುಳ್ಳೂ ಕೂಗಾಡುವುದಿಲ್ಲ, ನೋಡಿ. ಹನ್ನೊಂದು ವರ್ಷದಿಂದ ಅವರ ಕೈಕೆಳಗೆ ಒಂದೊಂದು ಕೆಲಸವನ್ನೂ ಎರಡೆರಡು ಸಲ ಮಾಡಿ ಗುಮಾಸ್ತರಿಗೆ ತಾನು ಎರಡು ಜನ್ಮ ಕಳೆದೆನೇನೋ ಅನ್ನಿಸಿಬಿಟ್ಟಿತ್ತು.

ಈಗ ದೇವರು ಕಣ್ಣು ಬಿಟ್ಟಿದ್ದ. ಹೊಳೆಯಾಚೆಯ ಸಣ್ಣ ಆಫೀಸಿನಲ್ಲಿ ಒಬ್ಬ ಗುಮಾಸ್ತರ ಜಾಗ ಖಾಲಿಯಾಗಿತ್ತು. ಅಲ್ಲಿನ ಮ್ಯಾನೇಜರು ಪರಮ ಸಾಧು, ತಂದಿಟ್ಟದ್ದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕುವವರು ಅಂತ ಸುದ್ದಿ. ಮತ್ತೊಂದ್ಸಲ ಸಾಹೇಬರು ದೊಡ್ಡ ಆಫೀಸಿಗೆ ಫೋನು ಮಾಡಿ, "ಇವರನ್ನ ಅಲ್ಲಿಗೆ ಕಳಿಸಿ," ಅಂತ ಒಂದು ಮಾತು ಹೇಳಿದರೆ ಸಾಕು, ಗುಮಾಸ್ತರ ಬಂಧನ ಬಿಟ್ಟುಹೋಗುತ್ತಿತ್ತು. ಆದರೆ ಕೇಳಲು ಧೈರ್ಯ ಬೇಕಲ್ಲ! ಮೂರು ಸಲ ಅವರ ಕೋಣೆಗೆ ಹೋಗಿ, ಮೂರು ಸಲವೂ ಗೋಂದು ಕೇಳಿ ವಾಪಸು ಬಂದಿದ್ದರು. ಶಿಬಿರ ಮುಗಿಸಿ ಬಂದ ಮೇಲೆ ಕೇಳಿದರಾಯಿತು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಗಂಟುಮೂಟೆ ಕಟ್ಟಿದರು.

ಶಿಬಿರ ಅಂದರೆ ಕೆಡೆಟ್ ಮಕ್ಕಳದ್ದು. ಬೇರೆ ಬೇರೆ ಶಾಲೆಗಳಿಂದ ಇನ್ನೂರು ಮಕ್ಕಳು ಬಂದು ಒಂದು ವಾರ ಡೇರೆ ಹಾಕಿಕೊಂಡು ಕವಾಯತು ಕಲಿಯುತ್ತಾರೆ. ಅವರನ್ನು ನೋಡಿಕೊಳ್ಳಲು ದೊಡ್ಡವರು ತಮ್ಮ ತಮ್ಮ ರಜೆ ಹಾಕಿ, ಬಿಟ್ಟಿಯಾಗಿ ಬರುತ್ತಾರೆ. ಊರಲ್ಲಿ ಯಾರು ಏನೇ ಆಗಿರಲಿ, ಇಲ್ಲಿ ಲೆಕ್ಕವೇ ಬೇರೆ. ಕಮಾಂಡರು ಒಬ್ಬ ದಂತವೈದ್ಯೆ. ಉಳಿದ ದಿನ ಇಕ್ಕಳ ಹಾಕಿ ಹಲ್ಲು ಕೀಳುವವರು ಇಲ್ಲಿ ಬರೀ ಕಣ್ಣಲ್ಲೇ ಕೀಳುತ್ತಿದ್ದರು. ಉಗ್ರಾಣ ಒಬ್ಬ ದರ್ಜಿಯ ಕೈಯಲ್ಲಿ. ಅಡುಗೆಮನೆ ನಮ್ಮ ಗುಮಾಸ್ತರದ್ದು. ಆರು ವರ್ಷದಿಂದ ಅವರು ಇಲ್ಲಿ ಮೆಸ್ ಸಾಹೇಬರು. ಎದೆಯ ಮೇಲೊಂದು ಹಿತ್ತಾಳೆ ಬಿಲ್ಲೆ, ಕೈಯಲ್ಲೊಂದು ಮೊಳದುದ್ದದ ಸೌಟು. ಆ ಸೌಟು ಹಿಡಿದಾಗ ಅವರ ಬೆನ್ನು ತಾನೇ ತಾನಾಗಿ ನೆಟ್ಟಗಾಗುತ್ತಿತ್ತು.

ಮೊದಲನೇ ದಿನ ಬೆಳಿಗ್ಗೆ ಗಂಜಿ ತಿರುವುತ್ತಿದ್ದಾಗ ಕಮಾಂಡರ್ ಮೇಡಂ ಒಳಗೆ ಬಂದರು.

"ಮೆಸ್ ಸಾಹೇಬ್ರೇ, ಈ ಸಲ ನಿಮಗೊಬ್ಬ ಸಹಾಯಕರನ್ನ ಕೊಟ್ಟಿದೀನಿ. ಹೊಸಬರು. ಡಾಕ್ಟ್ರು ಹವಾ ಬದಲಾವಣೆ ಮಾಡಿ ಅಂದ್ರಂತೆ, ಯಾರೋ ನಮ್ಮ ಶಿಬಿರದ ಬಗ್ಗೆ ತುಂಬ ಹೊಗಳಿದ್ರಂತೆ."

ಅವರ ಹಿಂದಿನಿಂದ, ಒಂದಳತೆ ದೊಡ್ಡದಾದ ಖಾಕಿ ಅಂಗಿ ತೊಟ್ಟು, ಕಿವಿಯವರೆಗೆ ಟೋಪಿ ಇಳಿಸಿಕೊಂಡು ಮತ್ತೊಂದ್ಸಲ ಸಾಹೇಬರು ಪ್ರತ್ಯಕ್ಷರಾದರು.

ಸೌಟು ಗಂಜಿಯೊಳಗೆ ಮುಳುಗಿಹೋಯಿತು.

"ಸೆಲ್ಯೂಟ್ ಹೊಡೀರಿ," ಅಂದರು ಮೇಡಂ ಹೊಸಬರಿಗೆ. "ಇಲ್ಲಿ ಇವರು ನಿಮಗೆ ಮೇಲಿನವರು. 'ಸಾರ್' ಅನ್ಬೇಕು."

ಮ್ಯಾನೇಜರು ಸೆಲ್ಯೂಟ್ ಹೊಡೆದು, "ಸಾರ್!" ಅಂದರು. ಅಷ್ಟರಲ್ಲಿ ಹನ್ನೊಂದು ವರ್ಷದ ಅಭ್ಯಾಸದಿಂದ ಗುಮಾಸ್ತರೂ, "ಸಾರ್!" ಅಂದುಬಿಟ್ಟಿದ್ದರು.

"ನೀವ್ಯಾಕ್ರೀ ಅಂತೀರಿ?" ಅಂದರು ಮೇಡಂ. "ಇನ್ನೊಂದು ವಿಷಯ. ಸಹಾಯಕರು ತಪ್ಪು ಮಾಡಿದ್ರೆ ಇಲ್ಲಿ ಶಿಕ್ಷೆ ಮೇಲಿನವರಿಗೆ. ನೆನಪಿದೆ ತಾನೆ?"

ಅವರು ಹೋದದ್ದೇ ತಡ, ಗುಮಾಸ್ತರು ಮೂಲೆಯಿಂದ ಕುರ್ಚಿ ಎಳೆದು, ತಮ್ಮ ಟವೆಲ್ಲಿನಿಂದ ಒರೆಸಿ, "ಕೂತ್ಕೊಳ್ಳಿ ಸಾರ್," ಅಂದರು. ಚಹಾ ಕೊಟ್ಟರು. ಮಧ್ಯಾಹ್ನದ ಸೂಪಿಗೆ ಒಂದು ಮೂಟೆ ಈರುಳ್ಳಿ ಹೆಚ್ಚಬೇಕಿತ್ತು. ಅದನ್ನೂ ತಾವೇ ಮುಂದೆ ಹಾಕಿಕೊಂಡು ಕೂತರು. ಬಯಸದೆ ಬಂದ ಭಾಗ್ಯ ಅಂದರೆ ಇದೇ ಅಲ್ಲವೆ ಅನ್ನಿಸಿತು. ಇಲ್ಲಿ ಕೋಣೆಯಿಲ್ಲ, ಬಾಗಿಲಿಲ್ಲ, ಗೋಂದೂ ಇಲ್ಲ. ಈಗಲ್ಲದಿದ್ದರೆ ಇನ್ಯಾವಾಗ?

"ಸಾರ್, ಒಂದು ಮಾತು. ನನ್ನನ್ನ ಆ ಹೊಳೆಯಾಚೆ ಆಫೀಸಿಗೆ ಕಳಿಸಿಕೊಡ್ತೀರಾ?"

ಮ್ಯಾನೇಜರ ಚಹಾ ಬಾಯಿಯ ಹತ್ತಿರವೇ ನಿಂತಿತು. "ಹೊಳೆಯಾಚೆ ಆಫೀಸಿಗಾ? ನಿಮಗೆ ಯಾರ್ರೀ ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಸಾರ್. ನನ್ನ ಮನಸ್ಸೇ ಹೇಳ್ತು."

ಮ್ಯಾನೇಜರು ಗುಮಾಸ್ತರನ್ನೇ ನೋಡಿದರು. ಅವರ ಕಣ್ಣಲ್ಲಿ ನೀರಾಡಿತು. ಈರುಳ್ಳಿ ಘಾಟು ಅಂತ ಗುಮಾಸ್ತರು ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿದರು.

ಅಷ್ಟು ಹೊತ್ತಿಗೆ ಸರಿಯಾಗಿ ಮೇಡಂ ಮತ್ತೆ ಬರಬೇಕೆ! ಸಹಾಯಕರು ಕಾಲಮೇಲೆ ಕಾಲು ಹಾಕಿ ಚಹಾ ಹೀರುತ್ತಿದ್ದಾರೆ, ಮೆಸ್ ಸಾಹೇಬರು ನೆಲದ ಮೇಲೆ ಕೂತು ಮೂಗು ಸೀಟುತ್ತಿದ್ದಾರೆ.

"ಇದೇನ್ರೀ, ಅತ್ತೆಮನೆಗೆ ಬಂದ ಅಳಿಯನ ಉಪಚಾರ? ಮೈದಾನಕ್ಕೆ ಎರಡು ಸುತ್ತು. ಸೌಟು ತಲೆ ಮೇಲೆ ಎತ್ತಿ ಹಿಡ್ಕೊಂಡು. ಹೊರಡಿ."

ಇನ್ನೂರು ಮಕ್ಕಳ ಎದುರು ಐವತ್ತರ ಹತ್ತಿರದ ಗುಮಾಸ್ತರು ಸೌಟು ಎತ್ತಿಕೊಂಡು ಓಡಿದರು. ಸೌಟಿಗೆ ಅಂಟಿದ್ದ ಗಂಜಿ ತೊಟ್ಟು ತೊಟ್ಟಾಗಿ ನೆತ್ತಿಗೆ ಅಭಿಷೇಕವಾಗುತ್ತಿತ್ತು. ಎರಡನೇ ಸುತ್ತಿನಲ್ಲಿ ಉಗ್ರಾಣದ ದರ್ಜಿ ಪಕ್ಕದಲ್ಲೇ ಓಡುತ್ತಾ ಬಂದ. ಅವನಿಗೆ ಅಷ್ಟರಲ್ಲಾಗಲೇ ಎಲ್ಲಾ ಗೊತ್ತಾಗಿತ್ತು. ಊರಿನ ಅರ್ಧ ಜಗಳಕ್ಕೆ ಹೊಲಿಗೆ ಹಾಕಿ, ಉಳಿದರ್ಧ ಬಿಚ್ಚಿದವನು ಅವನು.

"ಅಲ್ಲಯ್ಯಾ, ನಿನಗೇನು ತಲೆ ಕೆಟ್ಟಿದೆಯಾ? ಹನ್ನೊಂದು ವರ್ಷ ಅರೆದವನು ಕೈಗೆ ಸಿಕ್ಕಿದಾನೆ. ಕೊಪ್ಪರಿಗೆ ಉಜ್ಜಿಸು! ಉಜ್ಜಿದ ಮೇಲೆ 'ಮತ್ತೊಂದ್ಸಲ' ಅನ್ನು! ಇಂಥಾ ದಿನ ಮತ್ತೆ ಬರುತ್ತಾ?"

ಗುಮಾಸ್ತರಿಗೆ ಆಸೆಯಾಗದೆ ಇರಲಿಲ್ಲ. ಆದರೆ ಮೈದಾನದ ಅಂಚಿಗೆ ಬಂದು ಹೆಂಡತಿಗೆ ಫೋನು ಮಾಡಿದರೆ ಅವಳ ಉಪದೇಶ ತದ್ವಿರುದ್ಧ.

"ಆ ದರ್ಜಿ ಮಾತು ಕೇಳಿ ಹಾಳಾಗ್ಬೇಡಿ ರೀ. ಹಲ್ಲು ಕಿಸಿದುಕೊಂಡು ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಿ. ವರ್ಗ ಕೈಗೆ ಬರೋ ತನಕ ಬಾಯಿಗೆ ಬೀಗ."

"ಓಡಿ ಓಡಿ ಕಾಲು ಬಿದ್ದುಹೋಗಿದೆ ಕಣೇ."

"ಕಾಲು ಬಿದ್ರೆ ಬೀಳ್ಲಿ. ನಾಲಿಗೆ ಬೀಳಬಾರದು."

ಮರಳಿ ಬಂದ ಗುಮಾಸ್ತರು ಮ್ಯಾನೇಜರಿಗೆ ಅತಿ ಸುಲಭದ, ಅತಿ ಗೌರವದ ಕೆಲಸ ಕೊಟ್ಟರು. ಸೂಪಿನ ಉಪ್ಪು ನೋಡುವುದು. ಮ್ಯಾನೇಜರು ಒಂದು ಚಮಚ ಕುಡಿದು, "ಸರಿ ಇದೆ," ಅಂದರು. ಆಮೇಲೆ ತಡೆಯದೆ ಒಂದು ಹಿಡಿ ಹಾಕಿ ಮತ್ತೊಂದ್ಸಲ ನೋಡಿದರು. ನೋಡಿ ಮತ್ತೊಂದು ಹಿಡಿ ಹಾಕಿದರು. ನಾಲಿಗೆ ಜಡ್ಡಾದ ಹಾಗೆಲ್ಲ ಉಪ್ಪು ಸಾಲದು ಅನ್ನಿಸುತ್ತಾ ಹೋಯಿತು. ಗುಮಾಸ್ತರು ಬ್ರೆಡ್ಡು ಕತ್ತರಿಸಿ ಇತ್ತ ತಿರುಗುವಷ್ಟರಲ್ಲಿ ಡಬ್ಬಿ ತಳ ಕಂಡಿತ್ತು.

ಮಕ್ಕಳು ಮೊದಲ ಗುಟುಕಿಗೇ ಸಾಲು ಬಿಟ್ಟು ನಲ್ಲಿಯ ಕಡೆ ಓಡಿದರು. ಮೇಡಂ ಬಟ್ಟಲು ಹಿಡಿದುಕೊಂಡೇ ಬಂದರು.

"ಯಾರು ಇದು ಮಾಡಿದ್ದು?"

ಮ್ಯಾನೇಜರು ಬಾಯಿ ತೆರೆದರು. ಗುಮಾಸ್ತರು ಒಂದು ಹೆಜ್ಜೆ ಮುಂದೆ ಹಾರಿ, "ನಾನೇ ಮೇಡಂ. ಕೈತಪ್ಪು," ಅಂದರು.

ಶಿಕ್ಷೆಗೆ ಕೊಪ್ಪರಿಗೆಗಳೆಲ್ಲ ಅವರ ಪಾಲಾದವು. ಒಂದರೊಳಗೆ ಸೊಂಟದವರೆಗೆ ಇಳಿದು ತಿಕ್ಕುತ್ತಿದ್ದಾಗ ಮ್ಯಾನೇಜರು ಅಂಚಿಗೆ ಬಂದು ಬಗ್ಗಿ ನೋಡಿದರು.

"ನನ್ನ ತಪ್ಪನ್ನ ನೀವ್ಯಾಕ್ರೀ ಹೊತ್ಕೊಂಡ್ರಿ?"

"ನಿಮಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ ಸಾರ್?" ಕೊಪ್ಪರಿಗೆಯೊಳಗಿಂದ ದನಿ ಗುಡುಗಿನ ಹಾಗೆ ಬಂತು. "ಆ ಹೊಳೆಯಾಚೆ ಆಫೀಸಿನ ವಿಷಯ..."

"ಅಲ್ಲಿಗೇ ಆಗಬೇಕಾ? ಮನೆ ಹತ್ತಿರದ್ದು ಬೇರೆ ಯಾವುದಾದ್ರೂ ಬೇಡ್ವಾ?"

"ಅಲ್ಲಿಗೇ ಸಾರ್! ಅದು ಬಿಟ್ಟು ಸ್ವರ್ಗ ಕೊಟ್ರೂ ನನಗೆ ಬೇಡ."

ಮ್ಯಾನೇಜರು ಮುಖ ತಿರುಗಿಸಿಕೊಂಡು ಬೇಗ ಬೇಗ ಹೊರಟುಹೋದರು. ಕೋಪ ಬಂತೇನೋ ಅಂತ ಗುಮಾಸ್ತರು ಕೊಪ್ಪರಿಗೆಯಿಂದ ತಲೆ ಹೊರಗೆ ಹಾಕಿ ನೋಡಿದರು.

ಸಂಜೆಯ ಊಟಕ್ಕೆ ಆಲೂಗಡ್ಡೆ. ಇನ್ನು ಇವರ ಕೈಗೆ ಉಪ್ಪು ಕೊಡಬಾರದು ಅಂತ ಗುಮಾಸ್ತರು ಆಲೂಗಡ್ಡೆಯ ರಾಶಿ ತೋರಿಸಿ, "ನಾಲ್ಕು ಹೋಳು ಮಾಡಿದ್ರೆ ಸಾಕು ಸಾರ್," ಅಂತ ಹೇಳಿ, ಒಲೆ ಹೊತ್ತಿಸಲು ಹೋದರು. ಹೋಗಿ ಬಂದು ನೋಡುತ್ತಾರೆ, ಒಂದು ಆಲೂಗಡ್ಡೆಯೂ ಹೋಳಾಗಿಲ್ಲ. ದೊಡ್ಡದು, ನಡುವಿನದು, ಸಣ್ಣದು ಅಂತ ಮೂರು ಗುಡ್ಡೆ ಆಗಿದೆ. ನಡುವಿನದರಲ್ಲಿ ಸ್ವಲ್ಪ ದೊಡ್ಡದು ಯಾವುದು ಅನ್ನುವ ವಿಚಾರಣೆ ನಡೆದಿದೆ.

"ಸಮನಾಗಿ ಬೇಯಬೇಕಲ್ರೀ," ಅಂದರು ಮ್ಯಾನೇಜರು. "ಮತ್ತೆ, ಇವನ್ನ ಮತ್ತೊಂದ್ಸಲ ತೊಳೆದುಬಿಡಿ."

ಹೊರಗೆ ಕವಾಯತು ಮುಗಿಸಿದ ಇನ್ನೂರು ಮಕ್ಕಳು ತಟ್ಟೆ ಬಡಿಯಲು ಶುರುಮಾಡಿದ್ದರು. ಒಳಗೆ ನೀರು ಕುದ್ದು ಕುದ್ದು ಅರ್ಧವಾಗಿತ್ತು. ಹೊಟ್ಟೆ ಹಸಿದ ಮಕ್ಕಳ ಗದ್ದಲ ಕೇಳಿದರೆ ಗುಮಾಸ್ತರಿಗೆ ಮೊದಲೇ ತಡೆಯದು. ಅದರ ಮೇಲೆ 'ಮತ್ತೊಂದ್ಸಲ' ಅನ್ನುವ ಆ ಮಾತು. ಹೆಂಡತಿ ಹಾಕಿದ್ದ ಬೀಗ ಕಿತ್ತುಕೊಂಡು ಬಂತು.

"ರೀ! ಬಾಯಿ ಮುಚ್ಕೊಂಡು ಹೆಚ್ರಿ! ಮಕ್ಕಳು ಹಸ್ಕೊಂಡಿವೆ ಅಲ್ಲಿ! ದೊಡ್ಡದೂ ಹೊಟ್ಟೆಗೇ ಹೋಗೋದು, ಸಣ್ಣದೂ ಹೊಟ್ಟೆಗೇ ಹೋಗೋದು! ಇನ್ನೊಂದ್ಸಲ 'ಮತ್ತೊಂದ್ಸಲ' ಅಂದ್ರೆ ಈ ಸೌಟು ಇದೆ, ನೋಡಿ!"

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ದರ್ಜಿ ಬಾಯಿಗೆ ಕೈ ಅಡ್ಡ ಹಿಡಿದ. ಮ್ಯಾನೇಜರ ಮುಖ ಕೆಂಪಾಯಿತು, ಬಿಳಿಚಿತು. ಆಮೇಲೆ ಮೆಲ್ಲಗೆ, "ಆಯ್ತು ಸಾರ್," ಅಂದು ಚಾಕು ಎತ್ತಿಕೊಂಡರು.

ಮುಗಿಯಿತು ಕತೆ, ಅಂದುಕೊಂಡರು ಗುಮಾಸ್ತರು. ಬೆಳಗಿನಿಂದ ಓಡಿದ್ದು, ತಿಕ್ಕಿದ್ದು, ಹಲ್ಲು ಕಿಸಿದ್ದು ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮ್ಯಾನೇಜರು ಮಾತ್ರ ತಲೆಯೆತ್ತಲಿಲ್ಲ. ಹೆಚ್ಚಿದರು, ಹೆಚ್ಚಿದರು, ರಾಶಿ ಕರಗುವ ತನಕ ಹೆಚ್ಚಿದರು. ಬಡಿಸು ಅಂದರೆ ಬಡಿಸಿದರು, ಎತ್ತು ಅಂದರೆ ಎತ್ತಿದರು. ಮಕ್ಕಳು ಹೊಟ್ಟೆ ತುಂಬ ಉಂಡು ಡೇರೆಗಳ ಕಡೆ ಹೋದರು. ಅದೊಂದು ಸಮಾಧಾನ.

ಪಾತ್ರೆ ಬೋರಲು ಹಾಕಿ ಗುಮಾಸ್ತರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಮ್ಯಾನೇಜರು ಎರಡು ಲೋಟ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಸಾರ್, ಆಗ ಬಾಯಿತಪ್ಪಿ..." ಅಂದರು ಗುಮಾಸ್ತರು.

"ಸುಮ್ನಿರಿ. ಮೂವತ್ತು ವರ್ಷದಿಂದ ನನಗೆ ಯಾರೂ 'ಬಾಯಿ ಮುಚ್ಚು, ಕೆಲಸ ಮಾಡು' ಅಂದಿರಲಿಲ್ಲ ರೀ. ಎಲ್ಲಾ ನಾನೇ ನೋಡ್ಬೇಕು, ಎಲ್ಲಿ ತಪ್ಪಾಗುತ್ತೋ ಅಂತ ಒಂದೇ ಸಮ ಭಯ. ಇವತ್ತು ತಲೆ ಎಷ್ಟು ಹಗುರಾಗಿದೆ ಗೊತ್ತಾ? ಬೇರೆಯವರಾಗಿದ್ರೆ ಹಿಂದಿಂದ ನಕ್ಕಿರೋರು. ಎದುರಿಗೆ ಬೈಯೋಕೆ ಪ್ರೀತಿ ಬೇಕು." ಚಹಾ ಒಂದು ಗುಟುಕು ಕುಡಿದರು. "ದೊಡ್ಡ ಆಫೀಸಿಗೆ ಈಗ ತಾನೇ ಫೋನು ಮಾಡ್ದೆ. ನಿಮ್ಮನ್ನ ಹೊಳೆಯಾಚೆಗೆ ಹಾಕಿದಾರೆ. ಪಕ್ಕಾ."

ಗುಮಾಸ್ತರಿಗೆ ಕುಣಿಯಬೇಕು ಅನ್ನಿಸಿತು. ಎರಡೂ ಕೈಯಲ್ಲಿ ಮ್ಯಾನೇಜರ ಕೈ ಹಿಡಿದುಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮೇಲೆ ನಿಜವಾಗಿ ಅಕ್ಕರೆ ಉಕ್ಕಿಬಂತು. ಬಿಟ್ಟುಹೋಗುವವರ ಮೇಲೆ ಉಕ್ಕುತ್ತದಲ್ಲ, ಅಂಥ ಅಕ್ಕರೆ.

"ನಿಮ್ಮ ಉಪಕಾರ ಮರೆಯಲ್ಲ ಸಾರ್."

"ಉಪಕಾರ ನಿಮ್ಮದು ಕಣ್ರೀ!" ಅಂದರು ಮ್ಯಾನೇಜರು. "ಅಲ್ಲಿನ ಮ್ಯಾನೇಜರು ನಿವೃತ್ತಿ ಆಗ್ತಿದಾರೆ, ನಾನೇ ಅಲ್ಲಿಗೆ ಹೋಗ್ಬೇಕು ಅಂತ ಹೋದ ವಾರ ಆರ್ಡರು ಬಂತು. ಯಾರಿಗೂ ಹೇಳಿರಲಿಲ್ಲ. ಹೊಸ ಜಾಗ, ಗೊತ್ತಿಲ್ಲದ ಜನ, ಈ ವಯಸ್ಸಲ್ಲಿ ಒಬ್ಬನೇ ಹೇಗಪ್ಪಾ ಅಂತ ನಿದ್ದೆ ಇರಲಿಲ್ಲ. ಅದಕ್ಕೇ ಅಲ್ವಾ ಡಾಕ್ಟ್ರ ಹತ್ರ ಹೋಗಿದ್ದು! ನೀವು ನೋಡಿದ್ರೆ ಅದು ಹೇಗೋ ತಿಳ್ಕೊಂಡು, ಬೆಳಗಿನಿಂದ 'ನನ್ನನ್ನೂ ಅಲ್ಲಿಗೇ ಕಳಿಸಿ, ಸ್ವರ್ಗ ಕೊಟ್ರೂ ಬೇಡ' ಅಂತ ಕಾಲು ಹಿಡೀತಿದೀರಿ. ಸ್ವಂತ ತಮ್ಮನೂ ಇಷ್ಟು ಮಾಡಲ್ಲ ರೀ."

ಗುಮಾಸ್ತರ ಕೈ ಅವರ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಹಿಡಿತ ಬಿಗಿಯಾಗಿತ್ತು.

"ಸಾರ್, ಮತ್ತೆ... ಈಗಿನ ನಮ್ಮ ಆಫೀಸಿಗೆ ಯಾರು ಬರ್ತಾರೆ?"

"ಯಾರೋ ಒಬ್ಬ ಹೊಸ ಮ್ಯಾನೇಜರು. ಬಹಳ ಸಾಧುವಂತೆ. ಹನ್ನೊಂದು ಗಂಟೆಗೆ ಬಂದು ಮೂರಕ್ಕೆ ಹೋಗ್ತಾರಂತೆ. ಅಂಥವರ ಹತ್ರ ಕೆಲಸ ಏನು ಕಲಿಯೋಕಾಗುತ್ತೆ, ಬಿಡಿ." ಮ್ಯಾನೇಜರು ಎದ್ದು ನಿಂತು, ಗುಮಾಸ್ತರ ಬೆನ್ನು ತಟ್ಟಿದರು. "ಅಂದ ಹಾಗೆ, ಹೊಳೆ ದಾಟೋಕೆ ಬಸ್ಸು ಸರಿ ಇಲ್ಲ. ನಿಮ್ಮ ಹತ್ರ ಸ್ಕೂಟರಿದೆಯಲ್ಲ? ದಿನಾ ಹಿಂದೆ ನಾನು ಕೂತ್ಕೋತೀನಿ. ಹೋಗ್ತಾ ಬರ್ತಾ ಆಫೀಸಿನ ಕೆಲಸಾನೂ ಮಾತಾಡಿಕೊಳ್ಳಬಹುದು."