ಅಂಜಮ್ಮನ ಕುಡುಗೋಲು ಬೀಗದಕೈ

ಹೆಣ್ಣು ನೋಡಲು ಗೌನಿಪಲ್ಲಿಗೆ ಹೋದ ದಿನ ನಾನು ರಜನಿಯನ್ನು ಸರಿಯಾಗಿ ನೋಡಲೇ ಇಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅವಳ ಪಕ್ಕದಲ್ಲೇ ಅಜ್ಜಿ ಅಂಜಮ್ಮ ನಿಂತಿದ್ದರು. ಅವರ ಸೊಂಟದಲ್ಲಿ ಮೊಳದುದ್ದದ, ಕುಡುಗೋಲಿನಂತೆ ಬಾಗಿದ, ಒಂದು ಹಲ್ಲೂ ಇಲ್ಲದ ಕಬ್ಬಿಣದ ಬೀಗದಕೈ. (ಅಂಜಮ್ಮನವರಿಗೂ ಹಲ್ಲಿರಲಿಲ್ಲ, ಅದು ಬೇರೆ ವಿಷಯ.) "ಹುಡುಗಿ ಒಪ್ಪಿಗೇನಾ?" ಎಂದು ಅವಳಪ್ಪ ಕೇಳಿದರೆ, "ಅದು ಯಾವ ಬೀಗದ್ದು?" ಎಂದುಬಿಟ್ಟೆ.

"ಓದಿರೋ ಅಲ್ಲುಡು, ತಾನೇ ಕಂಡುಹಿಡೀಲಿ ಬಿಡು," ಎಂದು ಅಜ್ಜಿ ನಕ್ಕರು. (ಗಡಿಯೂರಲ್ಲಿ ಅಳಿಯ ಎಂದರೆ ಅಲ್ಲುಡು.)

ಮದುವೆಯಾದ ಮೇಲೆ ಮುಳಬಾಗಿಲಿನ ನಮ್ಮ ಹಳೇಕಾಲದ ಬಾಡಿಗೆ ಮನೆಗೆ ಬಂದ ಅಜ್ಜಿ ಬಾಗಿಲುಗಳನ್ನೆಲ್ಲ ತಡವಿ ನೋಡಿ, ಬೀಗದಕೈಯನ್ನು ರಜನಿಗೆ ಕೊಟ್ಟು ಹೋದರು.

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಬಿಡುವುದುಂಟೇ? ಪೆಟ್ಟಿಗೆ, ಬೀರು, ಮೀಟರ್ ಡಬ್ಬಿ ಎಲ್ಲಕ್ಕೂ ತೂರಿಸಿದೆ. ಫೋಟೊ ನೋಡಿದ ಗೆಳೆಯ ವೆಂಕಟ್ ಪಾಳೇಗಾರರ ಖಜಾನೆಯದು ಎಂದ. ನಂಬಿದೆ.

"ಖಜಾನೆ ಸಿಗೋವರ್ಗೂ ಒಂದಿಷ್ಟು ಮಾವಿನಕಾಯಿ ಹೆಚ್ಚಿಕೊಡ್ರೀ," ಎಂದಳು ರಜನಿ.

"ಇಲಾಖಾ ಪರೀಕ್ಷೆಗೆ ಓದ್ಬೇಕು ಕಣೇ."

ಭಾನುವಾರದ ಊಟವಾದ ಮೇಲೆ ನಡುಕೋಣೆ ಸೇರಿ, ಒಳಗಿನಿಂದ ಮರದ ಅಗುಳಿ ಹಾಕಿ, ಪುಸ್ತಕವನ್ನು ತಲೆಗಿಟ್ಟುಕೊಂಡು ಮಲಗುವುದಕ್ಕೆ ನಾನಿಟ್ಟ ಹೆಸರು ಓದು. ಭೂಮಂಡಲದಲ್ಲಿ ನನಗಿದ್ದ ಏಕೈಕ ಸ್ವತಂತ್ರ ಸಾಮ್ರಾಜ್ಯ ಅದು.

ಹಾಗೆ ಓದುತ್ತಿದ್ದಾಗಲೇ ಕಂಡಿತು. ಬಾಗಿಲಿನಲ್ಲಿ ಅಗುಳಿಯ ಪಕ್ಕ ಒಂದು ತೂತಿತ್ತು. ಸೊಳ್ಳೆ ಬರುತ್ತದೆಂದು ನಾನೇ ಅದಕ್ಕೆ ಬಟ್ಟೆ ತುರುಕಿದ್ದೆ. ಬಟ್ಟೆ ಕಳಚಿ ಬಿದ್ದು ಬೆಳಕು ಬರುತ್ತಿತ್ತು. ತೂತಿನಿಂದ ಅಗುಳಿಯವರೆಗೆ ಹಲಗೆಯ ಮೇಲೆ ಹಳೆಯದೊಂದು ಗೀರು. ಥೇಟ್ ಕುಡುಗೋಲಿನ ಬಾಗು.

ರಜನಿಯನ್ನು ಒಳಗೆ ಕಳಿಸಿ ಅಗುಳಿ ಹಾಕಿಸಿದೆ. ಹೊರಗಿನಿಂದ ಬೀಗದಕೈ ತೂರಿಸಿ ತಿರುಗಿಸಿದೆ. ಅಗುಳಿ ಸರಕ್ಕನೆ ಸರಿಯಿತು.

"ಒಳಗಡೆ ಅಗುಳಿ ಹಾಕಿದ್ರೂ ಹೊರಗಡೆಯಿಂದ ತೆಗೀಬಹುದು. ವಿದ್ಯೆ ಅಂದ್ರೆ ಇದು ಕಣೇ."

"ಓದಿದೋರು ಓದಿದೋರೇ. ನಂಗೂ ಒಂಚೂರು ಹೇಳಿಕೊಡಿ."

ಮಣಿಕಟ್ಟು ಎಷ್ಟು ತಿರುಗಬೇಕೆಂಬುದನ್ನೂ ಬಿಡದೆ, ಕೈಹಿಡಿದು ಹೇಳಿಕೊಟ್ಟೆ. ಅವಳಿಗೆ ಪೂರ್ತಿ ಬರುವವರೆಗೂ ಬಿಡಲಿಲ್ಲ.

ಮುಂದಿನ ಭಾನುವಾರ ಓದಲು ಹೋದೆ. ಕಣ್ಣು ಹತ್ತುವಷ್ಟರಲ್ಲಿ ಸರಕ್ ಎಂದಿತು. ಬಾಗಿಲಲ್ಲಿ ರಜನಿ, ಸೊಂಟದಲ್ಲಿ ಬೀಗದಕೈ, ಕೈಯಲ್ಲಿ ಈಳಿಗೆಮಣೆ. ಅವಳ ಹಿಂದೆ ಮಾವಿನಕಾಯಿ ಮೂಟೆಯ ಜೊತೆ ಗೌನಿಪಲ್ಲಿಯಿಂದ ಬಂದಿದ್ದ ಅಂಜಮ್ಮ.

"ನಮ್ಮನೇಲೂ ಇಂಥದೇ ಬಾಗ್ಲು. ನಮ್ಮ ಯಜಮಾನ್ರೂ ಹಿಂಗೇ ಅಗುಳಿ ಹಾಕ್ಕೊಂಡು ಮಲಗೋರು," ಎಂದರು ಅಜ್ಜಿ. "ಬಾಗ್ಲು ಹೆಂಗೆ ತೆಗೀತಿದ್ದೆ ಅಂತ ಸಾಯೋವರ್ಗೂ ಅವ್ರಿಗೆ ತಿಳೀಲಿಲ್ಲ. ಪಾಪ, ಓದಿರ್ಲಿಲ್ಲ. ನೀನು ನೋಡು, ನೀನೇ ಕಂಡುಹಿಡಿದು ಹೆಂಡ್ತಿಗೂ ಕಲಿಸಿದೀಯ."

ಈಗ ಭಾನುವಾರ ಮಧ್ಯಾಹ್ನ ನಾನು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತೇನೆ.